ಪುಸ್ತಕ ನೋಡಿ ಹೇಳಲಾಗುವುದು

ಕನ್ನಡದಲ್ಲಿ ಇನ್ನು ಮುಂದೆ ಒಂದೇ ಒಂದು ಕಳಪೆ ದೆವ್ವವನ್ನೂ ಉಳಿಸುವುದಿಲ್ಲ ಎಂದು ಮಹಾದೇವಯ್ಯನವರು ಪ್ರತಿಜ್ಞೆ ಮಾಡಿದ್ದು ನವೆಂಬರ್ ಒಂದನೇ ತಾರೀಕು, ಬೆಳಿಗ್ಗೆ ಒಂಬತ್ತೂಕಾಲಿಗೆ. ತುಮಕೂರಿನ ಬಟವಾಡಿಯ ಆಟೋ ಸ್ಟ್ಯಾಂಡಿನಲ್ಲಿ ಕನ್ನಡ ಬಾವುಟ ಹಾರಿದ್ದನ್ನು ನೋಡಿ, ಎರಡು ಭಾಷಣ ಕೇಳಿ, ಖಾರಾಬೂಂದಿಯ ಪೊಟ್ಟಣ ಹಿಡಿದು ಮನೆಗೆ ಬಂದವರು ಚಪ್ಪಲಿ ಬಿಡುವುದಕ್ಕೂ ಮೊದಲೇ ಘೋಷಿಸಿಬಿಟ್ಟರು.

"ಮಂಗಳಾ! ಎಲ್ರೂ ಕನ್ನಡಕ್ಕೆ ಏನೇನೋ ಮಾಡ್ತಿದಾರೆ. ನಾನೂ ಮಾಡ್ತೀನಿ. ಈ ಮಾಟ-ಮಂತ್ರದ ಕಾದಂಬರಿಗಳನ್ನೆಲ್ಲ ಅಳೆದು, ಕಲ್ಲು ನೆಟ್ಟು, ಹದ್ದುಬಸ್ತು ಮಾಡಿಬಿಡ್ತೀನಿ! ಯಾವ ಲೇಖಕನ ಮುಲಾಜೂ ಇಲ್ಲ!"

ಅಡುಗೆಮನೆಯಿಂದ ಹೆಂಡತಿ ಸರ್ವಮಂಗಳಮ್ಮನವರ ದನಿ ಬಂತು. "ಸಿಲಿಂಡರ್ ಬುಕ್ ಮಾಡಿ ಅಂದಿದ್ನಲ್ಲ, ಬುಕ್ ಆಯ್ತಾ?"

"ಯಾವ ಬುಕ್ಕು?"

"ಗ್ಯಾಸ್ ಸಿಲಿಂಡರ್ ರೀ!"

"ಹೂಂ."

"ಹೂಂ ಅಂದ್ರೆ ಆಯ್ತು ಅಂತಲೋ, ಇಲ್ಲ ಅಂತಲೋ?"

"ಹೂಂ."

ಅಷ್ಟರಲ್ಲಿ ಅವರು ಈಜಿಚೇರಿನಲ್ಲಿ ಕೂತು, ಪುಸ್ತಕವೊಂದನ್ನು ಮುಖಕ್ಕೆ ಅಡ್ಡ ಹಿಡಿದಾಗಿತ್ತು. ಆ ಮನೆಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಸಂಭಾಷಣೆ ಎಂಬುದು ನಡೆದುಕೊಂಡು ಬಂದಿದ್ದು ಹೀಗೆಯೇ.

ಹದ್ದುಬಸ್ತು ಎಂಬ ಮಾತು ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಮಹಾದೇವಯ್ಯನವರು ಮೂವತ್ತಮೂರು ವರ್ಷ ಸರ್ವೇಯರಾಗಿ ಜಮೀನು ಅಳೆದು ನಿವೃತ್ತರಾದವರು. ಗುಬ್ಬಿ, ಕುಣಿಗಲ್, ಊರ್ಡಿಗೆರೆ, ಬೆಳ್ಳಾವಿ ಎಂದು ಸರಪಳಿ ಹಿಡಿದು ಸುತ್ತುತ್ತಿದ್ದ ಕಾಲದಲ್ಲಿ, ಶಾಲೆಯ ಜಗಲಿಗಳಲ್ಲೂ ಛತ್ರದ ಕೋಣೆಗಳಲ್ಲೂ ಅವರಿಗೆ ಜೊತೆಯಾಗಿದ್ದವು ಬಸ್ ಸ್ಟ್ಯಾಂಡಿನ ಅಂಗಡಿಯ ದೆವ್ವದ ಕಾದಂಬರಿಗಳು. ಮನುಷ್ಯರು ಗೇಣು ಬದುವಿಗಾಗಿ ಹೊಡೆದಾಡುವುದನ್ನು ಹಗಲೆಲ್ಲ ನೋಡಿದವನಿಗೆ ಸಂಜೆಯ ದೆವ್ವಗಳು ಎಷ್ಟೋ ಸಭ್ಯವಾಗಿ ಕಾಣುತ್ತಿದ್ದವು. ಆ ಋಣ ಅವರಿಗೆ ಮರೆತಿರಲಿಲ್ಲ. ಈಗ ಎರಡು ಟ್ರಂಕು, ಒಂದು ಬೀರು ತುಂಬ ಮುನ್ನೂರ ಹನ್ನೆರಡು ಪುಸ್ತಕಗಳಿದ್ದವು. ಜೊತೆಗೆ ಒಂದು ಉದ್ದನೆಯ ಪುಸ್ತಿಕೆ. ಅದರಲ್ಲಿ ಪ್ರತಿ ಕಾದಂಬರಿಗೂ ನೇರ, ನಿಷ್ಠುರ ಅಭಿಪ್ರಾಯ.

ಋಣ ಬೇರೆ, ಅಳತೆ ಬೇರೆ! ಒಂದು ಕಾದಂಬರಿಯಲ್ಲಿ ಮೂರನೇ ಪುಟದಲ್ಲಿ ಮನೆಯ ಬಾಗಿಲು ಪೂರ್ವಕ್ಕಿತ್ತು, ಹದಿನೇಳನೇ ಪುಟದಲ್ಲಿ ಅದೇ ಬಾಗಿಲಲ್ಲಿ ನಿಂತು ನಾಯಕಿ ಸೂರ್ಯ ಮುಳುಗುವುದನ್ನು ನೋಡಿದ್ದಳು. ಮಹಾದೇವಯ್ಯನವರು ಕೆಂಪು ಶಾಯಿಯಲ್ಲಿ "ದೆವ್ವಕ್ಕಿಂತ ಇದೇ ಭಯಂಕರ" ಎಂದು ಬರೆದಿದ್ದರು. ಇನ್ನೊಂದರಲ್ಲಿ ದೆವ್ವಕ್ಕೆ ಕಾಲಿಲ್ಲ, ಆದರೆ ಹತ್ತು ಪುಟ ಕಳೆದ ಮೇಲೆ ಗೆಜ್ಜೆಯ ಸದ್ದು. "ಗೆಜ್ಜೆಯನ್ನು ಎಲ್ಲಿಗೆ ಕಟ್ಟಿಕೊಂಡಿತ್ತು?" ಎಂದು ಪ್ರಶ್ನೆ. ಮತ್ತೊಂದಕ್ಕೆ ಒಂದೇ ಸಾಲು: "ನಾಯಕಿಯ ಮೂಗು ಮಾಟ, ಕಣ್ಣು ಮಾಟ, ಕೊನೆಗೆ ಅವಳ ಮೇಲೇ ಮಾಟ. ಲೇಖಕನಿಗೆ ಬೇರೆ ಮಾತೇ ಬರುವುದಿಲ್ಲ."

ಪುಸ್ತಿಕೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಅವರ ಸಿದ್ಧಾಂತವಿತ್ತು: "ಒಳ್ಳೆಯ ಕಾದಂಬರಿಯ ಲಕ್ಷಣ ಒಂದೇ. ಓದುವವನ ಬಾಯಲ್ಲಿ 'ಆಮೇಲೆ?' ಎಂಬ ಮಾತು ತಾನಾಗಿ ಬರಬೇಕು." ಮುನ್ನೂರ ಹನ್ನೆರಡರಲ್ಲಿ ಆ ಮಾತನ್ನು ಹೊರಡಿಸಿದ್ದು ಹನ್ನೊಂದೇ ಹನ್ನೊಂದು.

"ಅಷ್ಟು ಕೆಟ್ಟದಾಗಿದ್ರೆ ಯಾಕ್ರೀ ಓದ್ತೀರಾ?" ಎಂದು ಸರ್ವಮಂಗಳಮ್ಮ ಕೇಳಿದ್ದುಂಟು.

"ಕೆಟ್ಟದ್ದು ಅಂತ ಗೊತ್ತಾಗ್ಬೇಕಾದ್ರೆ ಕೊನೇ ಪುಟದವರೆಗೂ ಓದ್ಬೇಕಲ್ಲೇ!"

"ಹಂಗಾದ್ರೆ ನನ್ನ ಮಾತನ್ನೂ ಒಂದಿನ ಕೊನೇವರೆಗೂ ಕೇಳಿ ನೋಡಿ, ಕೆಟ್ಟದ್ದೋ ಒಳ್ಳೇದೋ ಗೊತ್ತಾಗುತ್ತೆ."

"ಹೂಂ."

ಇಂಥ ಮಹಾದೇವಯ್ಯನವರು ಪ್ರತಿಜ್ಞೆಯ ಮರುದಿನವೇ 'ತೆಂಗಿನ ಗರಿ' ಪಾಕ್ಷಿಕದ ಸಂಪಾದಕ ಶಿವರಾಮಯ್ಯನವರ ಮುಂದೆ ಪುಸ್ತಿಕೆ ಸಮೇತ ಹಾಜರಾದರು. ಅಂಕಣದ ಹೆಸರೂ ತಯಾರಾಗಿತ್ತು: 'ಪುಟಕ್ಕಿಟ್ಟ ದೆವ್ವ'. "ಚಿನ್ನಾನ ಪುಟಕ್ಕಿಡ್ತಾರೆ, ನಾನು ದೆವ್ವಾನ ಪುಟಕ್ಕಿಡ್ತೀನಿ! ಪುಟ ಅಂದ್ರೆ ಪೇಜು ಕೂಡಾ! ಹೆಂಗೆ?"

ಶಿವರಾಮಯ್ಯ ನಗಲಿಲ್ಲ. ಸಂಪಾದಕರು ಅಷ್ಟು ಸುಲಭವಾಗಿ ನಗುವುದಿಲ್ಲ. "ನೋಡಿ ಸಾರ್, ದೆವ್ವದ ಪುಸ್ತಕದ ಬಗ್ಗೆ ನಿಮ್ಮ ಅಭಿಪ್ರಾಯ ಯಾರಿಗೆ ಬೇಕು ಅಂತ ಮೊದ್ಲು ಗೊತ್ತಾಗ್ಬೇಕು. ಒಂದು ಸಣ್ಣ ಪ್ರಕಟಣೆ ಹಾಕ್ತೀನಿ. ಡಿಸೆಂಬರ್ ಮುಗಿಯೋದ್ರೊಳಗೆ ಇಪ್ಪತ್ತೈದು ಜನ ನಿಮ್ಮ ಮನೆ ಹುಡುಕ್ಕೊಂಡು ಬಂದ್ರೆ, ಹೊಸ ವರ್ಷದಿಂದ ಅಂಕಣ ನಿಮ್ದು. ಪ್ರಕಟಣೆ ಮಾತ್ರ ಹದಿನೈದು ಪದ ಮೀರಬಾರದು."

ಇಪ್ಪತ್ತೈದು ಜನ! ಮಹಾದೇವಯ್ಯನವರಿಗೆ ಅಂಕಣಕ್ಕಿಂತ ಆ ಮಾತೇ ಹೆಚ್ಚು ರುಚಿಸಿತು. ಒಂದು ಕಾಲದಲ್ಲಿ ಸಾಹೇಬರು ಎಲ್ಲಿ ಕಲ್ಲು ನೆಡುತ್ತಾರೋ ಎಂದು ಇಡೀ ಊರೇ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ನಿವೃತ್ತರಾಗಿ ಎರಡು ವರ್ಷ, ಈಗ ಸೊಪ್ಪಿನವಳೂ ಅವರನ್ನು ದಾಟಿಕೊಂಡು "ಅಮ್ಮ ಇಲ್ವಾ?" ಎನ್ನುತ್ತಾಳೆ. ಯಾರಾದರೂ ಬಂದು "ನಿಮ್ಮ ಅಭಿಪ್ರಾಯವೇನು?" ಎಂದು ಕೇಳಬೇಕು, ಅವರಿಗೆ ಬೇಕಾಗಿದ್ದುದು ಅಷ್ಟೇ.

ಮನೆಗೆ ಬಂದು ಪ್ರಕಟಣೆ ಬರೆದರು. ಮೂವತ್ತೊಂದು ಪದವಾಯಿತು. ಒತ್ತುವರಿ ತೆರವು ಮಾಡುವ ಕೈ ಅಲ್ಲವೇ, ನಿರ್ದಾಕ್ಷಿಣ್ಯವಾಗಿ ಕತ್ತರಿಸಿದರು. "ಕನ್ನಡ" ಹೋಯಿತು, "ಓದುಗರು" ಹೋಯಿತು, "ಕಾದಂಬರಿಗಳ ಬಗ್ಗೆ" ಎಂಬುದೂ ಹೋಯಿತು. ಪುಸ್ತಕ ಅಂದಮೇಲೆ ಕಾದಂಬರಿ ಅಂತ ಯಾರಿಗೆ ತಿಳಿಯುವುದಿಲ್ಲ! ಕೊನೆಗೆ ಉಳಿದು ಅಚ್ಚಾದದ್ದು ಇಷ್ಟು:

"ಮಾಟ, ಮಂತ್ರ, ದೆವ್ವ, ಭೂತ: ಪುಸ್ತಕ ನೋಡಿ ನೇರವಾಗಿ ಹೇಳಲಾಗುವುದು. ಉಚಿತ. ಮಹಾದೇವಯ್ಯ, ಬಟವಾಡಿ. ಬೆಳಿಗ್ಗೆ ಮಾತ್ರ. ಅಮಾವಾಸ್ಯೆ ರಜ."

ಅಮಾವಾಸ್ಯೆ ರಜ ಯಾಕೆಂದರೆ, ಆ ದಿನ ಗಂಡ ಹೆಂಡತಿ ಮಠಕ್ಕೆ ಹೋಗಿ ಬರುವ ಪದ್ಧತಿ. ಆದರೆ ಓದುಗರೇ, ನಿಮಗೆ ಆಗಲೇ ನಗು ಬಂದಿರಬೇಕು. ನಮ್ಮ ಕಡೆ "ಪುಸ್ತಕ ನೋಡಿ ಹೇಳೋರು" ಎಂದರೆ ಯಾರು? ಹಸು ಕಳೆದರೆ, ಮಗುವಿನ ಜ್ವರ ಇಳಿಯದಿದ್ದರೆ, ಮನೆಗೆ ಯಾರೋ ಮಾಡಿಸಿದ್ದಾರೆ ಎಂದು ಅನುಮಾನ ಬಂದರೆ, ಊರವರು ಹುಡುಕಿಕೊಂಡು ಹೋಗುವ ಅಯ್ನೋರು! ಅವರು ಹಳೇ ಪುಸ್ತಕ ತೆರೆದು, ಕಣ್ಣು ಮುಚ್ಚಿ, ಕಾರಣ ಹೇಳಿ, ನಿಂಬೆಹಣ್ಣು ಮಂತ್ರಿಸಿ ಕೊಡುವವರು. ಮೂವತ್ತಮೂರು ವರ್ಷ ಅದೇ ಊರುಗಳನ್ನು ಅಳೆದ ಮನುಷ್ಯನಿಗೆ ಇದು ಹೊಳೆಯಲಿಲ್ಲ. ಊರಿನ ಉದ್ದಗಲ ಗೊತ್ತಿತ್ತು, ಊರಿನ ಮಾತು ಕಿವಿಗೆ ಬಿದ್ದಿರಲಿಲ್ಲ.

ಪತ್ರಿಕೆ ಬಂದ ನಾಲ್ಕನೇ ದಿನ ಗೇಟು ಸದ್ದಾಯಿತು. ಹಸಿರು ಸೀರೆಯ, ಅರವತ್ತರ ಆಸುಪಾಸಿನ ಹೆಂಗಸು ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು, ಕೈಮುಗಿದುಕೊಂಡು ಒಳಗೆ ಬಂದರು. ಮಹಾದೇವಯ್ಯನವರು ಆಗತಾನೇ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದರು.

"ನಾನು ಗುಬ್ಬಿ ಕಡೆಯೋಳು, ಚಿಕ್ಕಗಂಗಮ್ಮ ಅಂತವ. ಪುಸ್ತಕ ನೋಡಿ ಹೇಳೋ ಅಯ್ನೋರು ನೀವೇನಾ?"

"ನಾನೇ! ಬನ್ನಿ ಬನ್ನಿ! ಎಷ್ಟು ದೂರದಿಂದ ಬಂದಿದೀರಾ! ಯಾವ ಪುಸ್ತಕ?"

"ಅದನ್ನ ನೀವೇ ತೆಗೀಬೇಕು ಅಯ್ನೋರೆ."

ಓದುಗರು ಎಂದರೆ ಹೀಗಿರಬೇಕು, ಆಯ್ಕೆಯನ್ನು ವಿಮರ್ಶಕನಿಗೇ ಬಿಡುವ ವಿನಯ! ಮಹಾದೇವಯ್ಯನವರು ಹಿಗ್ಗಿಹೋದರು. "ಕಥೆ ಸ್ವಲ್ಪ ಹೇಳಿ, ಹುಡುಕ್ತೀನಿ."

"ಕಥೆಯೇನು ಬಂತು ಬುಡಿ, ನಮ್ ಕರ್ಮ. ಸೊಸೆ ಬಂದು ಎಂಟು ತಿಂಗಳಾಯ್ತು. ಅವ್ಳು ಬಂದಾಗಿಂದ ಮಧ್ಯಾನ ಹೊತ್ತಿಗೆ ಅಟ್ಟದ ಮೇಲೆ ಯಾರೋ ಪಿಸಪಿಸ ಅಂತ ಮಾತಾಡ್ತಾರೆ. ಡಬ್ಬೀಲಿ ಇಟ್ಟ ಕಡ್ಲೆಕಾಯಿ ಬೀಜ ಮಾಯ ಆಗ್ತೈತೆ. ಅವ್ಳ ತೌರುಮನೆ ಕಡೆಯಿಂದ ಏನಾರ ಜೊತೇಲಿ ಬಂದೈತಾ ಅಂತ."

ಮಹಾದೇವಯ್ಯನವರ ಕಣ್ಣು ಮಿಂಚಿತು. ಇದು ನೂರ ನಲವತ್ತೆಂಟನೇ ಪುಸ್ತಕ! ಓಡಿಹೋಗಿ ಟ್ರಂಕಿನಿಂದ ತಂದರು, ಧೂಳು ಕೊಡವಿದರು, ಕನ್ನಡಕ ಏರಿಸಿ ಕೆಂಪು ಗೆರೆಗಳನ್ನು ನೋಡಿದರು. "ಸಿಕ್ತು! ಇದರಲ್ಲಿ ಸೊಸೆ ಮೇಲೆ ಸುಮ್ನೆ ಅನುಮಾನ ಬರೋಹಂಗೆ ಮಾಡಿದಾನೆ ಕಣ್ರೀ. ಮೊದಲ್ನೇ ಪುಟದಲ್ಲೇ ನಂಗೊತ್ತಾಯ್ತು, ಅವಳು ಏನೂ ಮಾಡಿಲ್ಲ! ಅತ್ತೆಯಾದವಳು ಬಾಯಿಬಿಟ್ಟು ಒಂದು ಮಾತು ಕೇಳಿದ್ದಿದ್ರೆ ಇನ್ನೂರ ಎಂಬತ್ತು ಪುಟ ಉಳೀತಿತ್ತು! ದಂಡ! ಶುದ್ಧ ದಂಡ!"

ಚಿಕ್ಕಗಂಗಮ್ಮ ಗಲ್ಲ ಗಲ್ಲ ಬಡಿದುಕೊಂಡರು. ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದು ಅವರ ಕೈಗಿಟ್ಟರು. ಬಿಸಿಲಲ್ಲಿ ಬಂದವರು ಬಾಯಾರಿರಬೇಕು ಎಂದುಕೊಂಡ ಮಹಾದೇವಯ್ಯನವರು ಅದನ್ನು ಅಡುಗೆಮನೆಗೆ ಕಳಿಸಿ ಶರಬತ್ತು ಮಾಡಿಸಿ ತರಿಸಿದರು. ಆಕೆ ಲೋಟವನ್ನು ಕಣ್ಣಿಗೊತ್ತಿಕೊಂಡು, ಒಂದು ಹನಿ ಚೆಲ್ಲದಂತೆ ಕುಡಿದು, ಉಳಿದ ಸಿಪ್ಪೆಯನ್ನೂ ಕೇಳಿ ಸೆರಗಿಗೆ ಕಟ್ಟಿಕೊಂಡರು.

ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವುದುಂಟೇ? ಸರ್ವಮಂಗಳಮ್ಮ ಬಟ್ಟಲು ಹಿಡಿದು ಗೇಟಿನವರೆಗೂ ಹೋದರು. ಹೋದವರು ಅರ್ಧ ಗಂಟೆ ಬರಲಿಲ್ಲ. "ಲೇ, ನನ್ನ ಕಾಫಿ!" ಎಂದು ಒಳಗಿನಿಂದ ಎರಡು ಸಲ ಕೂಗಿದ ವಿಮರ್ಶಕರು, ಪುಸ್ತಿಕೆಯಲ್ಲಿ "ಒಂದು" ಎಂದು ಬರೆದು ಕೆಳಗೆ ಗೆರೆ ಎಳೆದರು.

ಮಾರನೆಯ ವಾರ ಕುಣಿಗಲ್ಲಿನಿಂದ ಹನುಮಂತರಾಜು ಎಂಬ ಗಟ್ಟಿಮುಟ್ಟಾದ ಆಸಾಮಿ ಬಂದ. ಮೈತುಂಬ ರಾಗಿಹಿಟ್ಟು, ಕೊರಳಲ್ಲಿ ದಪ್ಪ ತಾಯಿತ.

"ಸ್ವಾಮಿ, ನಮ್ಮ ಯಂತ್ರಕ್ಕೆ ಶಕ್ತಿನೇ ಇಲ್ದಂಗಾಗೈತೆ. ವಾರಕ್ಕೆರಡು ಸಲ ನಿಂತೋಗುತ್ತೆ. ಯಾರೋ ಕಣ್ಣು ಹಾಕವ್ರೆ."

"ಯಂತ್ರದ ಕಥೆನಾ! ನೂರಾ ಆರು!" ಎಂದು ಮಹಾದೇವಯ್ಯನವರು ಹಾರಿ ಎದ್ದರು. ಆ ಕಾದಂಬರಿಯಲ್ಲಿ ಮಾಂತ್ರಿಕನು ತಾಮ್ರದ ಯಂತ್ರವನ್ನು ಈಶಾನ್ಯ ಮೂಲೆಯ ಮಣ್ಣಿನಲ್ಲಿ ಹೂತಿದ್ದ. "ಆ ಮಾಂತ್ರಿಕನಿಗೆ ಬುದ್ಧಿ ಇತ್ತೇನ್ರೀ? ನೀರು ಬಸಿಯೋ ಮೂಲೆ ಅದು! ತೇವಕ್ಕೆ ಕಿಲುಬು ಹಿಡೀದೆ ಇನ್ನೇನಾಗುತ್ತೆ? ನಾನಾಗಿದ್ರೆ ನೆಲದಿಂದ ಒಂದೂವರೆ ಅಡಿ ಮೇಲೆ ಇಡಿಸ್ತಿದ್ದೆ! ಕನಿಷ್ಠ ಒಂದೂವರೆ!"

ಹನುಮಂತರಾಜು ಒಂದೂವರೆ, ಒಂದೂವರೆ ಎಂದು ಜಪಿಸುತ್ತ ಹೊರಟ. ಗೇಟಿನ ಹತ್ತಿರ ಅವನಿಗೂ ಸರ್ವಮಂಗಳಮ್ಮ ಸಿಕ್ಕರು. ಅವತ್ತೂ ಕಾಫಿ ತಡವಾಯಿತು.

ಆಮೇಲೆ ನೋಡಿ, ಜನ ಬರತೊಡಗಿದರು! ಬೆಳ್ಳಾವಿಯವರು ಬಂದರು, ಊರ್ಡಿಗೆರೆಯವರು ಬಂದರು, ಸಿಟಿ ಬಸ್ಸಿನ ಕಂಡಕ್ಟರು "ಪುಸ್ತಕದಯ್ನೋರ ಸ್ಟಾಪು ಯಾರ್ರೀ" ಎಂದು ಕೂಗತೊಡಗಿದ. ಅಮಾವಾಸ್ಯೆಯ ದಿನ ಬೀಗ ನೋಡಿ ವಾಪಸಾದವರು "ಅವತ್ತು ಸ್ಮಶಾನಕ್ಕೆ ಹೋಗ್ತಾರಂತೆ" ಎಂದು ಸುದ್ದಿ ಹಬ್ಬಿಸಿದ ಮೇಲಂತೂ ಗೌರವ ಇಮ್ಮಡಿಯಾಯಿತು. ಮಹಾದೇವಯ್ಯನವರು ಒಬ್ಬೊಬ್ಬರಿಗೂ ಒಂದೊಂದು ಕಾದಂಬರಿ ತೆಗೆದು, ಲೇಖಕರನ್ನು ಹಿಗ್ಗಾಮುಗ್ಗಾ ಬೈದು ಕಳಿಸುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಸಾಹಿತ್ಯಾಸಕ್ತಿ ಇಷ್ಟೊಂದಿದೆ ಎಂದು ತಿಳಿದಿರಲಿಲ್ಲವಲ್ಲ ಎಂದು ಅವರು ಬೀಗುತ್ತಿದ್ದರು.

ಹದಿನಾರನೆಯವರು ಮುಂಗೈ ಚಾಚಿ, "ದಾರ ನೀವೇ ಕಟ್ತೀರಾ, ನಾವು ತರ್ಬೇಕಾ?" ಎಂದು ಕೇಳಿದಾಗ ಮಾತ್ರ ಅವರ ತಲೆಯೊಳಗೆ ಏನೋ ಕಳಚಿ ಬಿದ್ದ ಹಾಗಾಯಿತು. ಬಂದವರನ್ನು ಹೇಗೋ ಸಾಗಹಾಕಿ ಅಡುಗೆಮನೆಗೆ ಓಡಿದರು.

"ಮಂಗಳಾ! ಇವರು ನನ್ನ ಮಂತ್ರವಾದಿ ಅಂದ್ಕೊಂಡಿದಾರೆ ಕಣೇ!"

"ಅಂತೂ ಗೊತ್ತಾಯ್ತಾ!" ಸರ್ವಮಂಗಳಮ್ಮ ಅವರೆಕಾಯಿ ಸುಲಿಯುತ್ತಿದ್ದರು.

"ನಿಂಗೆ ಮೊದ್ಲೇ ಗೊತ್ತಿತ್ತಾ? ಯಾಕೆ ಹೇಳ್ಲಿಲ್ಲ?"

"ಹೇಳ್ದೆ ರೀ. ಮೂರು ಸಲ ಹೇಳ್ದೆ. ಮೂರು ಸಲಾನೂ ಹೂಂ ಅಂದ್ರಿ."

ಮೂಲೆಯಲ್ಲಿ ಕೃತಜ್ಞ ಭಕ್ತಾದಿಗಳು ತಂದಿಟ್ಟ ಕುಂಬಳಕಾಯಿ, ತೆಂಗಿನಕಾಯಿ, ಸೋರೆಕಾಯಿ, ಅವರೆಕಾಯಿಗಳ ರಾಶಿ ಬಿದ್ದಿತ್ತು.

"ಮಂತ್ರಕ್ಕೆ ಮಾವಿನಕಾಯಿ ಉದುರಲ್ಲ ಅಂತಿದ್ರಲ್ಲ," ಎಂದರು ಹೆಂಡತಿ. "ಮಾವಿನಕಾಯಿ ಒಂದು ಬಿಟ್ಟು ಬಾಕಿ ಎಲ್ಲಾ ಕಾಯೂ ಉದುರ್ತಾ ಇದೆ. ಮಂತ್ರಾನೇ ಬರಲ್ಲ ನಿಮಗೆ!"

"ನಾಳೇನೇ ನಿಜ ಹೇಳಿಬಿಡ್ತೀನಿ!" ಎಂದು ಗುಡುಗಿದ ಮಹಾದೇವಯ್ಯನವರು, ಬೆರಳು ಮಡಿಚಿ ನೋಡಿ, ಸ್ವಲ್ಪ ತಗ್ಗಿದರು. "ಅಲ್ಲ, ಇನ್ನೊಂಬತ್ತು ಜನ ಬಂದ್ರೆ ಇಪ್ಪತ್ತೈದು. ಆಮೇಲೆ ಹೇಳಿದ್ರಾಗಲ್ವಾ?"

ಹೆಂಡತಿ ಅವರ ಮುಖವನ್ನೇ ನೋಡಿ, ಮತ್ತೆ ಅವರೆಕಾಯಿ ಸುಲಿಯತೊಡಗಿದರು. ಸುಳ್ಳು ಬಾಯಿಂದ ಆಡದಿದ್ದರೂ ಸುಳ್ಳಿನ ನೆರಳಲ್ಲಿ ಕೂತಂತಾಯಿತಲ್ಲ ಎಂದು ಮಹಾದೇವಯ್ಯನವರಿಗೇ ನಾಚಿಕೆಯಾಯಿತು. ಆದರೂ ಅಂಕಣದ ಆಸೆ ಕೆಟ್ಟದ್ದು, ಬಿಡಲಿಲ್ಲ.

ಡಿಸೆಂಬರ್ ಇಪ್ಪತ್ತೆಂಟರ ಬೆಳಿಗ್ಗೆ ಲೆಕ್ಕ ಇಪ್ಪತ್ತನಾಲ್ಕಕ್ಕೆ ನಿಂತಿತ್ತು. ಒಬ್ಬರು ಬೇಕು, ಒಬ್ಬರೇ! ಹತ್ತೂವರೆಗೆ ಸಂಪಾದಕ ಶಿವರಾಮಯ್ಯನವರು ತಾವೇ ಬಂದು ಪರಿಶೀಲಿಸುವುದಾಗಿ ಫೋನು ಮಾಡಿದ್ದರು. ಜಗಲಿಯ ಮೇಲೆ ಹಳಬರೂ ಇದ್ದರು. ಚಿಕ್ಕಗಂಗಮ್ಮ ಒಂದು ಚೀಲ ಕಡಲೆಕಾಯಿ ಹೊತ್ತು ಬಂದಿದ್ದರು, ಹನುಮಂತರಾಜು ಹತ್ತು ಸೇರು ರಾಗಿಹಿಟ್ಟು ತಂದಿದ್ದ. ಇಬ್ಬರ ಮುಖದಲ್ಲೂ ಹಬ್ಬದ ಕಳೆ. ಶಿವರಾಮಯ್ಯನವರು ಸ್ಕೂಟರ್ ನಿಲ್ಲಿಸಿ ಒಳಗೆ ಬರುವುದಕ್ಕೂ, ಊರ್ಡಿಗೆರೆಯ ಕದರಯ್ಯ ಎಂಬ ಮುದುಕರು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

ಇಪ್ಪತ್ತೈದು!

"ಅಯ್ನೋರೆ, ಮೂರು ದಿನದಿಂದ ತಲೆ ಸುತ್ತು, ಕಣ್ಣೆಲ್ಲ ಮಂಜು," ಎಂದರು ಕದರಯ್ಯ. "ಆಸ್ಪತ್ರೆಗೆ ಬಾ ಅಂತ ಮಗ ಬಡ್ಕತಾವ್ನೆ. ನಾನೇ ಬ್ಯಾಡ ಅಂದೆ. ಮೊದ್ಲು ಪುಸ್ತಕದಯ್ನೋರು ಒಂದು ದಾರ ಕಟ್ಲಿ, ಆಮ್ಯಾಕೆ ಆಸ್ಪತ್ರೆ ಬೇಕೇ ಆಗಾಕಿಲ್ಲ ಅಂದೆ."

ಮಹಾದೇವಯ್ಯನವರು ಶಿವರಾಮಯ್ಯನವರನ್ನು ನೋಡಿದರು. ಕೈಯಲ್ಲಿದ್ದ ಪುಸ್ತಿಕೆಯನ್ನು ನೋಡಿದರು. ಮುದುಕರು ದಾರಕ್ಕಾಗಿ ಚಾಚಿದ ಮುಂಗೈ ನೋಡಿದರು. ಹಾಳಾಗಿ ಹೋಗಲಿ ಅಂಕಣ!

"ನಾನು ಅಯ್ನೋರಲ್ಲ!" ಎಂದು ಕೂಗಿಬಿಟ್ಟರು. "ಕೇಳಿ ಎಲ್ರೂ! ನನಗೆ ಮಂತ್ರ ಬರಲ್ಲ, ತಂತ್ರ ಬರಲ್ಲ! ನಾನು ರಿಟೈರ್ಡ್ ಸರ್ವೇಯರು! ನಾನು ನೋಡಿ ಹೇಳ್ತಿದ್ದ ಪುಸ್ತಕ ಎಲ್ಲಾ ಕಾದಂಬರಿ, ಬಸ್ ಸ್ಟ್ಯಾಂಡಿನ ಕಾದಂಬರಿ! ತಪ್ಪಾಯ್ತು, ಮೊದ್ಲೇ ಹೇಳ್ಬೇಕಿತ್ತು. ಯಜಮಾನ್ರೇ, ದಾರಾನೂ ಬೇಡ ಗೀರಾನೂ ಬೇಡ, ಈಗ್ಲೇ ಡಾಕ್ಟ್ರ ಹತ್ರ ನಡೀರಿ!"

ಹಿಂದಿನಿಂದ ಯಾರೋ ಭಕ್ತಿಯಿಂದ, "ನೋಡ್ರಪ್ಪ, ನಿಜವಾದ ಗುರುಗಳು ಹಿಂಗೇ ಅನ್ನೋದು!" ಎಂದರು.

"ಅಲ್ಲಾ ಕಣ್ರೀ!" ಮಹಾದೇವಯ್ಯನವರು ತಲೆ ಚಚ್ಚಿಕೊಂಡರು.

ಆಗ ಸರ್ವಮಂಗಳಮ್ಮ ಹೊರಗೆ ಬಂದು, ಕದರಯ್ಯನವರ ಕೈಹಿಡಿದು ನಡೆಸಿಕೊಂಡು ಹೋಗಿ ಆಟೋ ಹತ್ತಿಸಿ, ಎರಡು ಬೀದಿ ಆಚೆಯ ಕ್ಲಿನಿಕ್ಕಿನ ಗುರುತು ಹೇಳಿ, ಮಗನಿಗೆ ಫೋನು ಮಾಡಿಸಿ ಬಂದರು. ಎಲ್ಲ ಸೇರಿ ಐದು ನಿಮಿಷ. ಬಿ.ಪಿ. ಏರಿತ್ತಂತೆ, ಮಾತ್ರೆ ಕೊಟ್ಟು ಮಲಗಿಸಿದ್ದಾರಂತೆ ಎಂದು ಆಮೇಲೆ ಸುದ್ದಿ ಬಂತು.

"ಅವರು ಹೇಳಿದ್ದು ನಿಜ ಕಣ್ರಪ್ಪ," ಎಂದರು ಸರ್ವಮಂಗಳಮ್ಮ ಜನರ ಕಡೆ ತಿರುಗಿ. "ಅವರಿಗೆ ಮಂತ್ರ ಇರ್ಲಿ, ಕುಕ್ಕರಿನ ಮುಚ್ಚಳ ಹಾಕೋಕೂ ಬರಲ್ಲ."

ಚಿಕ್ಕಗಂಗಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ಅದು ನಮ್ಗೂ ಗೊತ್ತು ಬುಡಿ ಅಮ್ಮಾ. ಅಯ್ನೋರು ಏನೇನೋ ಪುಟ, ದಂಡ ಅಂದ್ರು, ನಂಗೊಂದಕ್ಷರ ತಿಳೀಲಿಲ್ಲ. ನಾವು ಬತ್ತಿರೋದು ಗೇಟಿನತ್ರ ನೀವಾಡೋ ಮಾತಿಗೆ."

ಮಹಾದೇವಯ್ಯನವರ ಕೈಯಿಂದ ಪುಸ್ತಿಕೆ ಜಾರಿತು. ಶಿವರಾಮಯ್ಯನವರು ಜೇಬಿನಿಂದ ಪೆನ್ನು ತೆಗೆದರು. "ಏನು ಹೇಳಿದ್ರಮ್ಮ ಇವರು?"

"'ಅಟ್ಟ ಹತ್ತಿ ಹುಡುಕ್ಬೇಡಿ. ಮಧ್ಯಾನ ಎರಡು ಲೋಟ ಟೀ ಮಾಡಿ, ಕೆಳಗೆ ನಿಂತ್ಕೊಂಡು ಟೀ ಕುಡೀತೀಯಾ ಅಂತ ಕೂಗಿ. ದೆವ್ವ ಆದ್ರೆ ಸುಮ್ನಿರುತ್ತೆ, ಸೊಸೆ ಆದ್ರೆ ಇಳಿದು ಬರ್ತಾಳೆ' ಅಂದ್ರು. ಕೂಗ್ದೆ. ನಮ್ ಭೂಮಿಕಾ ಇಳ್ದು ಬಂದ್ಳು! ಕಣ್ಣಾಗೆ ನೀರು. ಟೀಚರ್ ಪರೀಕ್ಷೆಗೆ ಓದ್ತಾವ್ಳೆ ಮಗ, ಮೊಬೈಲಾಗೆ ಪಾಠ ಕೇಳ್ಕಂಡು. ನಾನು ಬೈತೀನಿ ಅಂತ ಹೆದ್ರಿ ಅಟ್ಟ ಹತ್ತಿದ್ಳಂತೆ. ಈಗ ನಡುಮನೇಲೇ ಓದ್ತಾಳೆ. ಕಡ್ಲೆಕಾಯಿ ಬೀಜ ನಾನೇ ಹುರ್ದು ಕೊಡ್ತೀನಿ." ಆಕೆ ಚೀಲವನ್ನು ಸರ್ವಮಂಗಳಮ್ಮನವರ ಕಾಲ ಬಳಿ ಇಟ್ಟರು. "ಬಂಗಾರದಂಥ ಹುಡ್ಗೀನ ದೆವ್ವ ಅಂದ್ಕಂಡಿದ್ನಲ್ಲಮ್ಮ. ನಿಮ್ ಋಣ ದೊಡ್ದು."

ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಮಹಾದೇವಯ್ಯನವರು ಹನುಮಂತರಾಜುವಿನ ಕಡೆ ತಿರುಗಿದರು. "ಒಂದೂವರೆ ಅಡಿ ಅಂದಿದ್ದು ನಾನಲ್ವೇನಯ್ಯಾ?"

"ನೀವೇ ಸ್ವಾಮಿ! ನಾನು ತಾಯ್ತಾನ ಒಂದೂವರೆ ಅಡಿ ಮೇಲೆ ಕಟ್ಕೋಬೇಕು ಅಂತ, ನೆತ್ತಿ ಮ್ಯಾಲೆ ಹೆಂಗೆ ಕಟ್ಟೋದು ಅಂತ ಯೋಚ್ನೆ ಮಾಡ್ತಾ ಗೇಟಿನತ್ರ ನಿಂತಿದ್ದೆ. ಅಮ್ಮಾವ್ರು, 'ಯಾವ ಯಂತ್ರಪ್ಪ, ಹಿಟ್ಟಿನ ಗಿರಣೀದಾ? ಮೋಟ್ರು ಎಲ್ಲಿಟ್ಟಿದೀಯಾ, ನೀರು ನಿಲ್ಲುತ್ತಾ?' ಅಂತ ಕೇಳಿದ್ರು. ಕಟ್ಟೆ ಕಟ್ಸಿ ಮೇಲಿಟ್ಟೆ. ಒಂದಿನ ನಿಂತಿಲ್ಲ!"

ಅರ್ಧ ಅಂಕವಾದರೂ ಸಿಕ್ಕಿತಲ್ಲ ಎಂದು ಮಹಾದೇವಯ್ಯನವರು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಶಿವರಾಮಯ್ಯನವರು ಎದ್ದು ನಿಂತರು. ಅವರು ನಗುತ್ತಿದ್ದರು! ಸಂಪಾದಕರು ನಕ್ಕಿದ್ದನ್ನು ತುಮಕೂರು ಅವತ್ತೇ ನೋಡಿದ್ದು.

"ಮಾತು ಅಂದ್ರೆ ಮಾತು. ಇಪ್ಪತ್ತೈದು ಜನ ಬಂದಿದಾರೆ, ಅಂಕಣ ಈ ಮನೆಗೇ. ಹೆಸರು 'ಗೇಟಿನ ಹತ್ತಿರ'. ಬರೆಯೋರು ಸರ್ವಮಂಗಳಮ್ಮನವರು!"

"ಅಯ್ಯೋ, ನಂಗೆ ಬರೆಯೋಕೆಲ್ಲ ಬರಲ್ಲಪ್ಪ," ಎಂದರು ಆಕೆ. "ನಾನು ಹೇಳ್ತೀನಿ. ಅವರ ಅಕ್ಷರ ಚೆನ್ನಾಗಿದೆ, ಅವರು ಬರ್ಕೊಳ್ಲಿ."

"ಒಂದು ಕೇಳ್ತೀನಮ್ಮ," ಎಂದರು ಶಿವರಾಮಯ್ಯ. "ಇಷ್ಟು ಜನರ ದೆವ್ವ ಬಿಡಿಸೋ ವಿದ್ಯೆ ಎಲ್ಲಿ ಕಲ್ತ್ರಿ?"

ಸರ್ವಮಂಗಳಮ್ಮ ಕುಂಕುಮದ ಬಟ್ಟಲನ್ನು ಸೆರಗಿನಿಂದ ಒರೆಸಿದರು. "ನಮ್ಮನೇಲೇ ಒಂದಿದೆಯಲ್ಲ! ಮೂವತ್ನಾಲ್ಕು ವರ್ಷದಿಂದ ಪುಸ್ತಕದ ಹಿಂದೆ ಕೂತಿರುತ್ತೆ. ಮುಖ ಕಾಣ್ಸಲ್ಲ. ಏನು ಕೇಳಿದ್ರೂ ಹೂಂ ಅನ್ನುತ್ತೆ. ಮಾತಾಡೋಕೆ ಯಾರೂ ಇಲ್ದಿದ್ರೆ ಹೆಂಗಿರುತ್ತೆ ಅಂತ ನಂಗೊತ್ತು. ಅದಕ್ಕೇ ಗೇಟಿನ ಹತ್ರ ಯಾರಾದ್ರೂ ಸಿಕ್ಕಿದ್ರೆ ಪೂರ್ತಿ ಕೇಳಿಸ್ಕೊಳ್ಳೋಣ ಅನ್ಸುತ್ತೆ."

ಎಲ್ಲರೂ ನಕ್ಕರು. ಮಹಾದೇವಯ್ಯನವರೂ ನಗಲು ಹೋದರು, ಆಗಲಿಲ್ಲ. ಅತ್ತೆಯಾದವಳು ಬಾಯಿಬಿಟ್ಟು ಒಂದು ಮಾತು ಕೇಳಿದ್ದಿದ್ದರೆ ಇನ್ನೂರ ಎಂಬತ್ತು ಪುಟ ಉಳಿಯುತ್ತಿತ್ತು ಎಂದವರಲ್ಲವೇ ಅವರು? ಗಂಡನಾದವನು ಕೇಳದೆ ದಂಡವಾದ ಪುಟಗಳೆಷ್ಟು? ಸರ್ವೇಯರ್ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟರು. ಇಷ್ಟು ವರ್ಷ ಎದುರಿಗಿದ್ದ ಇಂಥ ಹೆಂಗಸು ಎದ್ದು ಹೋಗದೆ, ಮೂರು ಹೊತ್ತು ಕಾಫಿ ಕೊಟ್ಟುಕೊಂಡು ಇದ್ದಾಳಲ್ಲ ಎಂದು ನೆನೆದು ಅವರ ಕಣ್ಣು ತೇವವಾಯಿತು.

ಜನವೆಲ್ಲ ಹೋದ ಮೇಲೆ, ಓದುತ್ತ ನೂರ ಹನ್ನೆರಡನೇ ಪುಟಕ್ಕೆ ಬಂದಿದ್ದ ಕಾದಂಬರಿಯನ್ನು, ಕೊನೆಯಲ್ಲಿ ಏನಾಗುತ್ತದೆ ಎಂದು ತಿಳಿಯದೆಯೇ ಮುಚ್ಚಿಟ್ಟರು. ಜೀವಮಾನದಲ್ಲಿ ಮೊದಲ ಸಲ! ಅಡುಗೆಮನೆಗೆ ಹೋಗಿ, ಮಣೆ ಎಳೆದುಕೊಂಡು, ಅವರೆಕಾಳು ಹಿಸುಕಲು ಕೂತರು.

"ಸಿಲಿಂಡರ್ ಬುಕ್ ಮಾಡ್ದೆ," ಎಂದರು.

"ಬದುಕಿದೆ."

"ಈಗ ಹೇಳು."

"ಏನು ಹೇಳ್ಲಿ?"

"ಏನಾದ್ರೂ. ಕೊನೇವರೆಗೂ ಕೇಳ್ತೀನಿ."

ಸಂಕ್ರಾಂತಿ ಮುಗಿದ ಎರಡು ದಿನಕ್ಕೆ ಚಿಕ್ಕಗಂಗಮ್ಮ ಎಳ್ಳುಬೆಲ್ಲ ಹಿಡಿದು, ಸೊಸೆಯನ್ನೂ ಕರೆದುಕೊಂಡು ಬಂದರು. 'ಗೇಟಿನ ಹತ್ತಿರ'ದ ಮೊದಲ ಕಂತು ಅಚ್ಚಾಗಿ, ಅದರ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ "ಬರೆದುಕೊಂಡವರು: ಮಹಾದೇವಯ್ಯ" ಎಂದು ಬಂದಿತ್ತು. ಕುಂಕುಮ ಇಡಿಸಿಕೊಂಡ ಚಿಕ್ಕಗಂಗಮ್ಮ ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿ ಕೇಳಿದರು. "ಅಮ್ಮಾ, ನಿಮ್ಮನೇದು ಬಿಡ್ತಾ?"

"ಪೂರ್ತಿ ಬಿಟ್ಟಿಲ್ಲ," ಎಂದರು ಸರ್ವಮಂಗಳಮ್ಮ. "ಆದ್ರೆ ಪರವಾಗಿಲ್ಲ. ಮೊದ್ಲು ಏನು ಹೇಳಿದ್ರೂ ಹೂಂ ಅನ್ನೋದು. ಈಗ 'ಆಮೇಲೆ?' ಅನ್ನುತ್ತೆ."